ಗಾಳಿಗೆ ಎದುರಿನ ಹಿಮ

ಗುಡ್ಡದ ಮೇಲಿನ ಮರದ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ನೀಲಗಂಗಾ. ಎಲ್ಲರೂ ಎಂದರೆ ಅಲ್ಲಿದ್ದವರು ಇಬ್ಬರೇ, ಅವಳು ಮತ್ತು ಉಪಕರಣಗಳನ್ನು ನೋಡಿಕೊಳ್ಳುವ ಬಾಲು. ಕ್ರೈಸ್ಟ್‌ಚರ್ಚ್‌ನಿಂದ ಪಶ್ಚಿಮಕ್ಕೆ ಕಾರಿನಲ್ಲಿ ಬಂದು, ಹೆದ್ದಾರಿ ಬಿಟ್ಟು, ಬೆನ್ನಿಗೆ ಹೊರೆ ಕಟ್ಟಿಕೊಂಡು ಅರ್ಧ ದಿನ ಏರಿದರೆ ಬಟ್ಟಲಿನಂಥ ಒಂದು ಜಾಗ ಸಿಗುತ್ತದೆ. ಒಂದು ಕಾಲಕ್ಕೆ ಸ್ಕೀ ಆಡುವವರ ಕ್ಲಬ್ಬೊಂದು ಅಲ್ಲಿ ಮನೆ ಕಟ್ಟಿಕೊಂಡಿತ್ತು. ಸದಸ್ಯರು ಕಡಿಮೆಯಾಗುತ್ತ ಬಂದು ಕೊನೆಗೆ ಬಿಟ್ಟುಹೋಯಿತು. ಈಗ ಚಳಿಗಾಲವಿಡೀ ಆ ಮನೆ ನೀಲಗಂಗಾಳ ಸಂಶೋಧನೆಗೆ ಸೇರಿದ್ದು. ಕೆಲವು ದಿನ ಮೇಲೆ, ಕೆಲವು ದಿನ ಊರಲ್ಲಿ. ಅವಳು ಊರಿಗೆ ಇಳಿದಾಗ ವಿಶ್ವವಿದ್ಯಾಲಯದ ಇನ್ನೊಂದು ಜೋಡಿ ಮೇಲೆ ಬರುತ್ತಿತ್ತು. ಒಂದು ದಿನವೂ ತಪ್ಪಬಾರದು ಎಂಬುದು ಅವಳೇ ಮಾಡಿದ ನಿಯಮ.

ಉಣ್ಣೆಯ ಬಟ್ಟೆಗಳ ಮೇಲೆ ಕಾಗದದಂಥ ಬಿಳಿ ನಿಲುವಂಗಿ ಏರಿಸಿ, ಕೈಗವಸಿನ ಮೇಲೆ ಕೈಗವಸು ಹಾಕಿಕೊಂಡು ಅವಳು ಹೊರಬಿದ್ದರೆ ಮೊದಲು ಗಾಳಿಯ ಕೆಲಸ. ಮನೆಯಿಂದ ತುಸು ದೂರದಲ್ಲಿ ನೆಟ್ಟ ಕಂಬದ ತುದಿಯಿಂದ ಒಂದು ಕೊಳವೆ ಇಳಿದು ಬ್ಯಾಟರಿಯಿಂದ ನಡೆಯುವ ಪಂಪಿಗೆ ಸೇರುತ್ತಿತ್ತು. ಪಂಪು ಹಗಲೂ ರಾತ್ರಿ ಗಾಳಿ ಎಳೆದು, ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಬಿಳಿ ಫಿಲ್ಟರಿನ ಮೂಲಕ ಹಾಯಿಸುತ್ತಿತ್ತು. ಜೊತೆಗಿದ್ದ ಒಂದು ಯಂತ್ರ ಆ ಗಾಳಿಯಲ್ಲಿ ಎಷ್ಟು ಮಸಿಯಿದೆ ಎಂದು ಗೆರೆ ಎಳೆಯುತ್ತ ಹೋಗುತ್ತಿತ್ತು. ನಿನ್ನೆಯ ಫಿಲ್ಟರನ್ನು ಚಿಮಟದಿಂದ ತೆಗೆದು ಡಬ್ಬಿಗಿಟ್ಟು, ಇಂದಿನದನ್ನು ಕೂರಿಸುವಾಗ ನೀಲಗಂಗಾ ಉಸಿರು ಬಿಗಿಹಿಡಿಯುತ್ತಿದ್ದಳು.

ಆಮೇಲೆ ಹಿಮ. ಕಂಬದಿಂದ ಆಚೆ, ಗಾಳಿ ಬರುವ ವಾಯವ್ಯ ದಿಕ್ಕಿಗೆ, ಕೆಂಪು ಬಾವುಟಗಳ ಸಾಲಿತ್ತು. ಬಾವುಟಗಳಾಚೆಯ ಸಮತಟ್ಟು ಜಾಗಕ್ಕೆ ಸೀಸೆ ತುಂಬುವವರನ್ನು ಬಿಟ್ಟು ಯಾರೂ ಕಾಲಿಡುವಂತಿಲ್ಲ. ಅವಳು ಕೂಡ ಒಂದೇ ಅಂಚಿನಿಂದ ಒಳಹೋಗಿ, ಗಾಳಿಗೆ ಮುಖಮಾಡಿ ಮಂಡಿಯೂರಿ, ಉಕ್ಕಿನ ಚಮಚದಿಂದ ಮೇಲಿನ ಹಿಮವನ್ನು ಸೀಸೆಗೆ ತುಂಬಿ, ಬಂದ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ಹಿಂತಿರುಗುತ್ತಿದ್ದಳು.

ಎಲ್ಲೋ ಉರಿದ ಕಾಡು, ಎಲ್ಲೋ ಓಡಿದ ಲಾರಿ, ಯಾರದೋ ಮನೆಯ ಒಲೆ. ಅಲ್ಲಿಂದ ಎದ್ದ, ಕಣ್ಣಿಗೆ ಕಾಣದ ಮಸಿ ಸಮುದ್ರ ದಾಟಿ ಬಂದು ಈ ಹಿಮದ ಮೇಲೆ ಕೂರುತ್ತದೆ. ಬಿಳಿ ಹಿಮ ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ, ಮಸಿ ಬಿದ್ದ ಹಿಮ ಅದನ್ನು ಕುಡಿದು ಬೇಗ ಕರಗುತ್ತದೆ. ಎಷ್ಟು ಮಸಿ, ಎಲ್ಲಿಯದು, ಎಷ್ಟು ಬೇಗ ಎಂಬುದಷ್ಟೇ ಅವಳ ಪ್ರಶ್ನೆ. ಉತ್ತರಕ್ಕೆ ಒಂದು ಇಡೀ ಚಳಿಗಾಲದ, ನಡುವೆ ಎಲ್ಲೂ ಕಡಿಯದ ಅಳತೆ ಬೇಕಿತ್ತು. ಹಿಂದಿನ ವರ್ಷ ಬ್ಯಾಟರಿ ಕೈಕೊಟ್ಟಿತ್ತು. ಅದರ ಹಿಂದಿನ ವರ್ಷ ಸ್ಕೀ ಹಾಕಿಕೊಂಡು ಬಂದ ಯಾರೋ ಬಾವುಟಗಳೊಳಗೇ ಡೇರೆ ಹೊಡೆದು ಚಹಾ ಕಾಯಿಸಿಕೊಂಡು ಹೋಗಿದ್ದರು. ಈ ವರ್ಷ ಎಲ್ಲ ಸುಸೂತ್ರವಾಗಿ ನಡೆದಿತ್ತು.

ಗದಗಿನ ಎರೆಹೊಲದ ಧೂಳಿನಲ್ಲಿ ಬೆಳೆದವಳಿಗೆ ಧೂಳಿನ ಹುಚ್ಚು ಸಹಜವೇ ಎಂದು ಗಂಡ ಚನ್ನವೀರ ನಗುತ್ತಿದ್ದ. ಅವನು ಸೇತುವೆಗಳ ಇಂಜಿನಿಯರ್. ಭೂಕಂಪದ ನಂತರ ಕ್ರೈಸ್ಟ್‌ಚರ್ಚನ್ನು ಮರಳಿ ಕಟ್ಟುವ ಕಾಲದಲ್ಲಿ ಬಂದು ಅಲ್ಲೇ ನಿಂತವನು. ಮಗಳು ವಚನಾ ಅಮ್ಮನ ಕೆಲಸವನ್ನು ತನ್ನದೇ ರೀತಿಯಲ್ಲಿ ಅರ್ಥಮಾಡಿಕೊಂಡಿದ್ದಳು. ಶಾಲೆಯಲ್ಲಿ ಯಾರೋ ಕೇಳಿದಾಗ “ಮೈ ಮಮ್ ಕೌಂಟ್ಸ್ ಡರ್ಟ್” ಎಂದಿದ್ದಳಂತೆ.

ಬಾಲು ಮೈಸೂರಿನವರು, ಐವತ್ತು ದಾಟಿದ್ದರು. ಆಕ್ಲೆಂಡಿನಲ್ಲಿ ವರ್ಷಗಟ್ಟಲೆ ಸಾಫ್ಟ್‌ವೇರ್ ಕೆಲಸ ಮಾಡಿ, ಪರದೆ ನೋಡಿ ನೋಡಿ ಬೇಸತ್ತು, ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಕೆಲಸ ಬೇಕೆಂದು ವಿಶ್ವವಿದ್ಯಾಲಯದ ಉಪಕರಣ ವಿಭಾಗಕ್ಕೆ ಬಂದವರು. ಅವರಿಗೆ ಮಾತು ಬೇಕು. ಅನ್ನ ಬೇಯುವವರೆಗೆ ಮಾತು, ಬೆಂದ ಮೇಲೆ ಅದು ಹೇಗೆ ಬೆಂದಿತು ಎಂಬ ಮಾತು. ನೀಲಗಂಗಾ ಅವರನ್ನು ಬಾಲಣ್ಣ ಎನ್ನುತ್ತಿದ್ದಳು. ಅವರ ಮಾತಿಗೆ ಅವಳು ಹೂಂಗುಡುತ್ತಲೂ ಇರಲಿಲ್ಲ, ಬೇಡವೆನ್ನುತ್ತಲೂ ಇರಲಿಲ್ಲ. ಪಂಪಿನ ಸದ್ದಿನ ಹಾಗೆ ಅದೂ ಇರುತ್ತಿತ್ತು.

ಜುಲೈ ಕೊನೆಯಲ್ಲಿ, ಆ ದಕ್ಷಿಣದ ನಾಡಿನ ನಡುಚಳಿಗಾಲದಲ್ಲಿ, ಯಂತ್ರದ ಗೆರೆಯಲ್ಲಿ ಒಂದು ವಿಚಿತ್ರ ಕಂಡಿತು. ದಿನಾ ಬೆಳಗ್ಗೆ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಮಸಿಯ ಗೆರೆ ಮುಳ್ಳಿನಂತೆ ಎದ್ದು ಬೀಳುತ್ತಿತ್ತು. ಹೆದ್ದಾರಿಯ ಲಾರಿಗಳಿರಬೇಕು ಎಂದುಕೊಂಡಳು, ಗಾಳಿಯ ದಿಕ್ಕು ಹೊಂದಲಿಲ್ಲ. ಯಂತ್ರವೇ ಕೆಟ್ಟಿರಬೇಕು ಎಂದು ಬಿಚ್ಚಿಸಿ ನೋಡಿಸಿದಳು. ಬಾಲು ತಾವೇ ಬಿಚ್ಚಿ, ಒರೆಸಿ, ಏನೂ ಆಗಿಲ್ಲ ಎಂದು ಮುಚ್ಚಿದರು. ಒಂದು ಬೆಳಗ್ಗೆ ಸೀಸೆ ತುಂಬಿಸಿಕೊಂಡು ಎಂದಿಗಿಂತ ಬೇಗ ಮನೆಗೆ ಬಂದಾಗ ಹಿಂಬದಿಯಲ್ಲಿ ಗಂಧದ ವಾಸನೆ. ಬಾಲು ಕಿಟಕಿಯ ಸಂದಿಗೆ ಊದುಬತ್ತಿ ಸಿಕ್ಕಿಸಿ ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದರು.

“ಬಾಲಣ್ಣಾ, ಇದೇನ್ರಿ?”

“ಅರ್ಧ ಕಡ್ಡಿ ಅಷ್ಟೇ ನೀಲಾ ಅವ್ರೇ. ಹೊಗೆ ಮನೆಯೊಳಗೆ ಬೇಡ, ಆ ಕಡೆ ಹೋಗ್ಲಿ ಅಂತ ಕಿಟಕೀಲಿ ಇಡ್ತೀನಿ.”

“ಆ ಕಡೀನ ಕಂಬ ಐತಲ್ರಿ. ಮುಂಜಾನಿ ಗಾಳಿ ಅತ್ಲಾಗ ತಿರಗಿರ್ತೈತಿ.”

ಬಾಲು ಕಂಬದ ಕಡೆ ನೋಡಿದರು, ಊದುಬತ್ತಿಯ ಕಡೆ ನೋಡಿದರು. “ಅಂದ್ರೆ ನಾನು ರೀಡಿಂಗಲ್ಲಿ ಬಂದಿದೀನಾ?”

“ದಿನಾ ಬಂದೀರಿ.”

ಅವರಿಗೆ ನಗು ಬಂತು. ಅವಳಿಗೆ ಬರಲಿಲ್ಲ. “ದೇವ್ರಿಗೆ ಕೈ ಮುಗೀರಿ, ಬ್ಯಾಡ ಅನ್ನಂಗಿಲ್ಲ. ಹೊಗಿ ಬ್ಯಾಡ. ಇಲ್ಲಿ ಬಂದ ಮ್ಯಾಲ ಮೊದ್ಲ ಆ ಗಾಳಿ, ಆ ಹಿಮ. ನಾವೆಲ್ಲಾ ಆಮ್ಯಾಲ.”

“ಆಯ್ತು,” ಎಂದರು ಬಾಲು, ಕಡ್ಡಿಯನ್ನು ಹಿಮದಲ್ಲಿ ಚುಚ್ಚಿ ಆರಿಸುತ್ತ. “ಆದ್ರೂ ಈ ಮಾತು ಸ್ವಲ್ಪ ಜೋರಾಯ್ತು.”

ಆ ದಿನ ಅವರು ಅಷ್ಟಾಗಿ ಮಾತಾಡಲಿಲ್ಲ. ಮರುದಿನ ಮತ್ತೆ ಶುರು ಮಾಡಿದರು. ಬೆಳಗಿನ ಮುಳ್ಳು ಗೆರೆಯಿಂದ ಮಾಯವಾಯಿತು.

ಆಗಸ್ಟ್ ತಿಂಗಳ ನಡುವೆ ಒಂದು ರಾತ್ರಿಯಿಡೀ ಮೋಡ ಬೆಟ್ಟದ ಮೇಲೇ ಕೂತಿತು. ಬೆಳಿಗ್ಗೆ ಮೋಡ ಸರಿದಾಗ ಕಂಬ, ಏಣಿ, ತಂತಿ ಎಲ್ಲದರ ಮೇಲೂ ಗಾಳಿ ಬಂದ ದಿಕ್ಕಿಗೆ ಗರಿಗರಿಯಾದ ಹಿಮ ಬೆಳೆದಿತ್ತು, ಬಿಳಿ ಕೋಳಿಯ ಪುಕ್ಕದ ಹಾಗೆ. ಕೊಳವೆಯ ಬಾಯಿ ಕಟ್ಟಿ ಪಂಪಿನ ಸದ್ದು ಏದುಸಿರಿನಂತಾಗಿತ್ತು. ಪಶ್ಚಿಮದಲ್ಲಿ ಶಿಖರಗಳ ಹಿಂದಿನ ಆಕಾಶಕ್ಕೆ ಕಮಾನಿನಂಥ ಮೋಡ ಕಟ್ಟಿತ್ತು. ಕ್ರೈಸ್ಟ್‌ಚರ್ಚ್ ಸುತ್ತಲಿನ ಕ್ಯಾಂಟರ್ಬರಿ ಸೀಮೆಯಲ್ಲಿ ಒಂದು ಚಳಿಗಾಲ ಕಳೆದ ಯಾರಿಗಾದರೂ ಅದರ ಅರ್ಥ ಗೊತ್ತು, ವಾಯವ್ಯದ ಬಿರುಗಾಳಿ ಬರುತ್ತಿದೆ. ಹವಾಮಾನದವರು ಮಧ್ಯಾಹ್ನದ ಹೊತ್ತಿಗೆ ಎಂದು ಹೇಳಿದ್ದರು.

“ಗಾಳಿ ಬರೋದ್ರೊಳಗೆ ಬಾಯಿ ಬಿಡಿಸಿಬಿಡ್ತೀನಿ,” ಎಂದು ಬಾಲು ಮರದ ಕೊಡತಿ ಹಿಡಿದು ಕಂಬ ಹತ್ತಿದರು. ನೀಲಗಂಗಾ ಸೀಸೆ ಹಿಡಿದು ಬಾವುಟಗಳೊಳಗೆ ಹೋದಳು.

ಅವಳು ಮಂಡಿಯೂರಿ ಕೂತಲ್ಲಿಗೆ ಕೊಡತಿಯ ಸದ್ದು ಕೇಳುತ್ತಿತ್ತು, ಜೊತೆಗೆ ಯಾವುದೋ ಹಾಡಿನ ಗುನುಗು. ಸದ್ದು ನಿಂತಿತು. ಕೆಲಸ ಮುಗಿಯಿತು ಎಂದುಕೊಂಡಳು. ಆಮೇಲೆ ಗೋಣಿಚೀಲ ಎಳೆದಂಥ ಒಂದು ಸರಸರ ಸದ್ದು, ಅದು ದೂರವಾಗುತ್ತ ಹೋಗಿ, ಕೊನೆಗೆ ಕಲ್ಲಿಗೆ ಏನೋ ಬಡಿದ ಹಾಗೆ. ಅವಳು ಎದ್ದು ನಿಂತು ಕೂಗಿದಳು. ಉತ್ತರ ಬರಲಿಲ್ಲ.

ಬಾಲು ಏಣಿಯಿಂದ ಬಿದ್ದಿರಲಿಲ್ಲ. ಕ್ಷೇಮವಾಗಿ ಕೆಳಗಿಳಿದು, ಸೊಂಟದ ಹಗ್ಗ ಬಿಚ್ಚಿ, ಕೊಳವೆಯ ಬಾಯಿ ಚೆನ್ನಾಗಿ ತೆರೆದಿದೆಯೇ ಎಂದು ನೋಡಲು ಎರಡು ಹೆಜ್ಜೆ ಹಿಂದಕ್ಕೆ ಇಟ್ಟಿದ್ದರು. ಹಿಂದೆ ಗಾಜಿನಂಥ ಇಳಿಜಾರು. ಜಾರಿದವರು ಕೆಳಗಿನ ಬಂಡೆಗಳ ನಡುವೆ ಹೋಗಿ ನಿಂತಿದ್ದರು. ಅವಳು ತಲುಪಿದಾಗ ಎಚ್ಚರವಿತ್ತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬಲಗಾಲು ತೊಡೆಯ ನಡುವೆ ಬಾಗಬಾರದ ಕಡೆ ಬಾಗಿತ್ತು.

“ಅದು ನನ್ನ ಕಾಲೇ ತಾನೆ?” ಎಂದು ಕೇಳಿದರು.

“ನಿಮ್ದ ರಿ. ಅಳ್ಳಾಡಬ್ಯಾಡ್ರಿ.”

ಬೆಟ್ಟಕ್ಕೆ ಹೋಗುವವರಿಗೆ ಕಲಿಸುವ ಪ್ರಥಮ ಚಿಕಿತ್ಸೆಯಲ್ಲಿ ತೊಡೆಮೂಳೆಯ ಬಗ್ಗೆ ಹೇಳಿದ್ದು ಅವಳಿಗೆ ನೆನಪಿತ್ತು. ಹೊರಗೆ ಒಂದು ಹನಿ ಕಾಣುವುದಿಲ್ಲ, ರಕ್ತ ಒಳಗೇ ತುಂಬುತ್ತದೆ, ಚಳಿಯಲ್ಲಿ ಮೈ ಬೇಗ ಸೋಲುತ್ತದೆ. ಓಡಿಹೋಗಿ ಹಿಮದ ಮೇಲೆ ಬ್ಯಾಟರಿ ಎಳೆದು ಸಾಗಿಸುವ ಸ್ಲೆಡ್, ಚಾಪೆ, ಮಲಗುವ ಚೀಲಗಳನ್ನು ತಂದಳು. ಕಾಲಿಗೆ ಕೋಲು ಕಟ್ಟಿದಳು. ಸ್ಲೆಡ್ಡಿಗೆ ಸರಿಸುವಾಗ ಅವರು ತೋಳು ಕಚ್ಚಿಕೊಂಡರು. ಆಮೇಲೆ ಅವಳು ರೇಡಿಯೋ ತೆಗೆದಳು.

ಅತ್ತಲಿಂದ ಮಾತಾಡಿದ ಹೆಂಗಸಿನ ದನಿ ಶಾಂತವಾಗಿತ್ತು. ಹೆಲಿಕಾಪ್ಟರ್ ಕ್ರೈಸ್ಟ್‌ಚರ್ಚ್‌ನಿಂದ ಹೊರಡುತ್ತಿದೆ, ಗಾಳಿ ಏರುವುದರೊಳಗೆ ಬಂದು ಹೋಗಬೇಕು, ಇಳಿಯಲು ಸಮತಟ್ಟು ಜಾಗ ಎಲ್ಲಿದೆ ಎಂದು ಕೇಳಿದಳು.

“ಕೆಳಗಿನ ಬಯಲಿನಲ್ಲಿ,” ಎಂದಳು ನೀಲಗಂಗಾ. “ಸ್ಲೆಡ್ಡಿನಲ್ಲಿ ನಾನು ಇವರನ್ನು ಅಲ್ಲಿಗೆ ತರುತ್ತೇನೆ.”

ಅದಕ್ಕಿಂತ ಹತ್ತಿರ ಏನೂ ಇಲ್ಲವೇ ಎಂದು ಆ ದನಿ ಕೇಳಿತು.

ಹತ್ತಿರದಲ್ಲೇ ಇತ್ತು. ತಲೆಯೆತ್ತಿದರೆ ಕೆಂಪು ಬಾವುಟಗಳು ಕಾಣುತ್ತಿದ್ದವು. “ಮೇಲೆ ಒಂದು ಜಾಗವಿದೆ. ಅದು ಸಂಶೋಧನೆಯ ಪ್ರದೇಶ,” ಎಂದಳು. ಅವಳು ಯೋಚಿಸಿ ಹೇಳಿದ ಮಾತಲ್ಲ ಅದು. ಬಂದುಹೋಗುವ ಚಾರಣಿಗರಿಗೆ, ಸ್ಕೀಯವರಿಗೆ ತಿಂಗಳುಗಟ್ಟಲೆ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡಿದ್ದ ಮಾತು ತಾನೇ ಹೊರಬಂದಿತ್ತು. ರೇಡಿಯೋ ಆಗಲಿ ಎಂದಿತು.

ಬಾಲು ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ಸರಿಯಾಗೇ ಹೇಳಿದ್ರಿ. ಅಲ್ಲಿ ಇಳಿದ್ರೆ ಸೀಸನ್ನೇ ಹೋಯ್ತು. ಎಳೀರಿ, ನಾನು ತಡ್ಕೋತೀನಿ.”

ಅವಳು ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಎಳೆದಳು. ಕೆಳಗಿನ ಬಯಲಿಗೆ ಇಳಿಜಾರೇನೋ ಹೌದು, ಆದರೆ ಗಾಳಿ ಕೆತ್ತಿದ ಹಿಮ ಉತ್ತ ಹೊಲದ ಹಾಗಿತ್ತು. ಪ್ರತಿ ಏರಿನಲ್ಲೂ ಸ್ಲೆಡ್ ಎದ್ದು ಬೀಳುತ್ತಿತ್ತು. ಮೊದಮೊದಲು ಬಾಲು ಮಾತಾಡುತ್ತಿದ್ದರು. ಕೊಳವೆಗೆ ಮುಂದಿನ ವರ್ಷ ಬಿಸಿ ತಂತಿ ಸುತ್ತಿಸಬೇಕು ಎಂದರು. ಕೊಡತಿ ಎಲ್ಲಿ ಬಿತ್ತೋ ನೋಡಬೇಕು ಎಂದರು. ಆಮೇಲೆ ಮಾತು ನಿಂತಿತು.

ಅವಳಿಗೆ ಭಯವಾದದ್ದು ಆಗ. ಇಷ್ಟು ದಿನ ಆ ಮನುಷ್ಯ ಎಚ್ಚರವಿದ್ದೂ ಸುಮ್ಮನಿದ್ದದ್ದನ್ನು ಅವಳು ಕಂಡಿರಲಿಲ್ಲ. ಹಗ್ಗ ಬಿಟ್ಟು ಹಿಂದೆ ಬಂದು ಬಗ್ಗಿದಳು.

“ಬಾಲಣ್ಣಾ. ಮೈಸೂರಾಗ ನಿಮ್ಮ ಮನಿ ಯಾ ಕಡಿ ಐತ್ರಿ?”

ಅವರು ಕಣ್ಣು ತೆರೆದರು. ಅವಳನ್ನು ನೋಡಿ, “ವೇದಾ, ಸ್ಟೌ ಆರಿಸು,” ಎಂದರು.

ವೇದಾ ಅವರ ಹೆಂಡತಿ. ನೀಲಗಂಗಾ ಕೈಗವಸು ಕಿತ್ತು ಅವರ ಕುತ್ತಿಗೆ ಮುಟ್ಟಿದಳು. ಚರ್ಮ ತಣ್ಣಗೆ, ಜಿಗಟು. ನಾಡಿ ಓಡುತ್ತಿತ್ತು. ತಿರುಗಿ ನೋಡಿದರೆ ಬಯಲು ಇನ್ನೂ ಕೆಳಗೇ ಇತ್ತು, ಬಾವುಟಗಳು ಈಗಲೂ ಹತ್ತಿರದಲ್ಲೇ ಇದ್ದವು. ತಾನು ಮಾಡುತ್ತಿರುವುದು ಏನೆಂದು ಅವಳಿಗೆ ಹೊರಗಿನಿಂದ ಬೇರೆ ಯಾರೋ ನೋಡಿದ ಹಾಗೆ ಕಾಣಿಸಿತು. ಸಾಯುತ್ತಿರಬಹುದಾದ ಒಬ್ಬ ಮನುಷ್ಯನನ್ನು ಅವಳು ಚೊಕ್ಕ ಹಿಮದಿಂದ ದೂರ ಎಳೆದುಕೊಂಡು ಹೋಗುತ್ತಿದ್ದಳು.

ರೇಡಿಯೋ ತೆಗೆದು, ಮೇಲಿನ ಜಾಗದಲ್ಲೇ ಇಳಿಯಿರಿ ಎಂದಳು. ಈ ಸಲ ಪೈಲಟ್ಟೇ ಮಾತಾಡಿದ. ರೋಗಿ ಇದ್ದಲ್ಲೇ ಇರಲಿ, ನಮ್ಮವರು ಇಳಿದು ನಡೆದು ಬರುತ್ತಾರೆ. ಸಡಿಲ ಹಿಮವನ್ನು ತುಳಿದು ಗಟ್ಟಿ ಮಾಡು. ಹಾರುವಂಥದ್ದೇನೂ ಅಲ್ಲಿ ಇರಬಾರದು. ಗಾಳಿ ಬರುವ ಅಂಚಿನಲ್ಲಿ ನೀನು ಕೂತಿರು, ಹಿಮ ಎದ್ದು ಕಣ್ಣು ಕಟ್ಟಿದಾಗ ನನಗೆ ನೋಡಲು ಒಂದು ಗುರುತು ಬೇಕು.

ತನ್ನ ಚೀಲವನ್ನೂ ಬಾಲು ಮೇಲೆ ಹೊದಿಸಿ, ಸ್ಲೆಡ್ಡನ್ನು ಬಂಡೆಗೆ ಬಿಗಿದು, ಅವಳು ಮೇಲಕ್ಕೆ ಓಡಿದಳು. ಬಾವುಟಗಳನ್ನು ಒಂದೊಂದಾಗಿ ಕಿತ್ತು ಕಂಕುಳಿಗೆ ಇಟ್ಟುಕೊಂಡಳು. ಆಮೇಲೆ ಆ ಹಿಮದ ನಡುವಿಗೆ ನಡೆದಳು. ಚಳಿಗಾಲ ಶುರುವಾದಾಗಿನಿಂದ ಯಾರ ಹೆಜ್ಜೆಯೂ ಬೀಳದ ಜಾಗ. ಮೊದಲ ಹೆಜ್ಜೆಗೆ ಕಾಲು ಮೊಣಕಾಲಿನವರೆಗೆ ಇಳಿಯಿತು. ಆಮೇಲೆ ಲೆಕ್ಕವಿರಲಿಲ್ಲ. ರಾಶಿ ಮಾಡುವ ಕಣದಲ್ಲಿ ಎತ್ತು ತಿರುಗಿದ ಹಾಗೆ ಸುತ್ತಿ ಸುತ್ತಿ ತುಳಿದಳು. ಬಿಳಿ ನಿಲುವಂಗಿ ಹರಿದು ಹಿಂದೆ ಪಟಪಟಿಸಿತು, ಅದನ್ನೂ ಕಿತ್ತು ಕಲ್ಲಿನಡಿ ತುರುಕಿದಳು.

ಹೆಲಿಕಾಪ್ಟರ್ ಕೆಳಗಿನ ಕಣಿವೆಯಿಂದ ಎದ್ದು ಬಂತು. ಅವಳು ಗಾಳಿಗೆ ಬೆನ್ನು ಮಾಡಿ ಅಂಚಿನಲ್ಲಿ ಮಂಡಿಯೂರಿ ತಲೆ ತಗ್ಗಿಸಿದಳು. ಬಿಳಿ ಗೋಡೆಯೊಂದು ಬಂದು ಬಡಿಯಿತು. ಕಿವಿ, ಕತ್ತು, ಬಾಯಿ ಎಲ್ಲಕ್ಕೂ ಹಿಮ ತುಂಬಿತು, ಅದರ ಬೆನ್ನಿಗೇ ಸೀಮೆಎಣ್ಣೆಯ ವಾಸನೆ. ಅದು ಎಂಥ ವಾಸನೆ, ಯಾವ ಅಳತೆಯ ಕಣ, ಎಷ್ಟು ದೂರ ಹರಡುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಆ ಬೆಟ್ಟದಲ್ಲಿ ಯಾರೂ ಇರಲಿಲ್ಲ. ಅವಳು ಉಸಿರು ಬಿಗಿಹಿಡಿಯಲಿಲ್ಲ.

ಇಬ್ಬರು ಇಳಿದು ಸ್ಟ್ರೆಚರ್ ಹಿಡಿದು ಓಡಿದರು. ಬಾಲು ಅವರ ತೋಳಿಗೆ ಸೂಜಿ ಚುಚ್ಚಿದರು, ಕಾಲನ್ನು ಎಳೆದು ಬಿಗಿದರು, ಹೊತ್ತು ತಂದರು. ಅವಳೂ ಒಂದು ಬದಿ ಹಿಡಿದಳು. ಬಾಲು ತುಟಿ ಅಲ್ಲಾಡಿಸುತ್ತಿದ್ದರು, ರೆಕ್ಕೆಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಗಾಳಿ ಏರುತ್ತಿರುವಾಗ ಇನ್ನೊಬ್ಬರ ಭಾರ ಬೇಡ, ನಿನ್ನನ್ನು ಕರೆದೊಯ್ಯಲು ಬೇರೆಯವರು ಬರುತ್ತಾರೆ ಎಂದ ಪೈಲಟ್. ಅವಳು ತಲೆಯಾಡಿಸಿದಳು. ಹೆಲಿಕಾಪ್ಟರ್ ಓರೆಯಾಗಿ ಜಾರಿದ ಹಾಗೆ ಕಣಿವೆಗಿಳಿದು ಮರೆಯಾಯಿತು.

ಆಮೇಲೆ ಪಂಪಿನ ಸದ್ದೊಂದೇ ಉಳಿಯಿತು. ಅದನ್ನು ಆರಿಸಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಬಾಲು ಕೊಳವೆಯ ಬಾಯಿ ಚೆನ್ನಾಗಿಯೇ ಬಿಡಿಸಿದ್ದರು, ಏದುಸಿರು ಹೋಗಿ ಸದ್ದು ಸರಾಗವಾಗಿತ್ತು. ಅವಳು ಪಂಪಿನ ಮುಚ್ಚಳ ತೆರೆದು ಫಿಲ್ಟರ್ ತೆಗೆದಳು. ಬೆಳಗ್ಗೆ ಬಿಳಿಯಾಗಿದ್ದದ್ದು ಈಗ ರೊಟ್ಟಿ ಹೆಂಚಿನ ತಳದ ಬಣ್ಣಕ್ಕೆ ಬಂದಿತ್ತು. ಅದನ್ನೂ ಡಬ್ಬಿಗಿಟ್ಟು, ಹೊಸದನ್ನು ಕೂರಿಸಿ, ತುಳಿದ ಹಿಮದ ಮೇಲೆ ಬೆನ್ನು ಕಂಬಕ್ಕೆ ಆನಿಸಿ ಕೂತಳು. ಗಾಳಿಯ ಮೊದಲ ಹೊಡೆತ ಬಂದಾಗ ಎದ್ದು ಒಳಗೆ ಹೋದಳು.

ಬಿರುಗಾಳಿ ಬೀಸಿ ಮುಗಿದ ಮೇಲೆ ದಕ್ಷಿಣದಿಂದ ಹಿಮ ಸುರಿಯಿತು. ಅವಳನ್ನು ಕರೆದೊಯ್ಯುವವರು ಬರುವಷ್ಟರಲ್ಲಿ ಹೆಲಿಕಾಪ್ಟರ್ ಇಳಿದ ಜಾಗದ ಮೇಲೆ ಮೊಣಕಾಲುದ್ದ ಹೊಸ ಹಿಮ ಕೂತಿತ್ತು. ಹೆಜ್ಜೆಯಿಲ್ಲ, ಕಲೆಯಿಲ್ಲ. ಬಾವುಟಗಳನ್ನು ಮತ್ತೆ ನೆಟ್ಟು ಸೀಸೆ ತುಂಬಿದಳು. ಊರಿಗೆ ಒಯ್ದು ಕರಗಿಸಿ ಸೋಸಿದಾಗ ಎಂದಿನಷ್ಟೇ ಚೊಕ್ಕವಿತ್ತು. ಅವಳ ಅಳತೆಯಲ್ಲಿ ಸಣ್ಣದೊಂದು ಕಂಡಿ ಬಿದ್ದಿತ್ತು, ಅಷ್ಟೇ. ವಿಭಾಗದ ಮುಖ್ಯಸ್ಥ ನೋಡಿ, ಇದೇನೂ ತೊಂದರೆಯಲ್ಲ, ಎಂಥ ಒಳ್ಳೆಯ ಸರಣಿಯಲ್ಲೂ ಇಂಥದ್ದು ಇರುತ್ತದೆ ಎಂದ. ಅವನ ಮಾತು ಅವಳಿಗೆ ಸಮಾಧಾನ ಕೊಡಬೇಕಿತ್ತು. ಹಾಗಾಗಲಿಲ್ಲ. ಇಷ್ಟಕ್ಕಾ, ಎಂದುಕೊಂಡಳು. ಬರೀ ಇಷ್ಟನ್ನು ಉಳಿಸಲು ನಾನು ಅವರನ್ನು ಅಷ್ಟು ದೂರ ಎಳೆದೆನಾ?

ಮನೆಯಲ್ಲಿ ಚನ್ನವೀರ ರೊಟ್ಟಿ ತಟ್ಟುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಅವನು ಕೈ ನಿಲ್ಲಿಸದೆ ಕೇಳಿದ.

“ಕಡೀಕ ಮ್ಯಾಲ ಇಳಸಿದ್ಯಲ್ಲ?”

“ಕಡೀಕ.”

“ಹಂಗಾರ ಆತಲ್ಲ ನೀಲಾ. ಮನಶ್ಯಾ ಉಳದಾನ.”

“ಉಳದಾರ. ಆದ್ರ ನಾ ಮೊದ್ಲ ಹೇಳಿದ್ದು ಆ ಮಾತಲ್ಲ.”

ಅವನು ರೊಟ್ಟಿಯನ್ನು ಹೆಂಚಿಗೆ ಹಾಕಿ ಅವಳ ಮುಖ ನೋಡಿದ.

ಆಸ್ಪತ್ರೆಗೆ ಹೋದ ದಿನ ಬಾಲು ಮಲಗಿದ್ದರು. ತೊಡೆಯೊಳಗೆ ಉಕ್ಕಿನ ಸರಳು ಕೂರಿಸಿದ್ದರು, ಬಾಟಲಿಗಟ್ಟಲೆ ರಕ್ತ ಕೊಟ್ಟಿದ್ದ​ರು. ವೇದಾ ಹೊರಗಿನ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ಚಿಕ್ಕ ಮಕ್ಕಳ ಶಾಲೆಯಲ್ಲಿ ಕಲಿಸುವ ಹೆಂಗಸು, ಗಂಡನ ಹಾಗೆ ಮಾತಿನವರಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ನೀಲಗಂಗಾಳಿಗೆ ಕೊಟ್ಟರು.

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹೆಲಿಕಾಪ್ಟರ್ ಮೊದಲು ಕೆಳಗಡೆ ಇಳಿಯೋದು ಅಂತಿತ್ತಂತೆ. ಅವರ ಕಡೆಯವರು ಹೇಳಿದ್ರು.”

“ಹೌದ್ರಿ. ನಾನ ಹೇಳಿದ್ದೆ.”

“ಯಾಕೆ?”

“ಮ್ಯಾಲಿನ ಹಿಮ ಹೊಲಸಾಗ್ತೈತಿ ಅಂತ.”

ವೇದಾ ಫ್ಲಾಸ್ಕನ್ನು ಮಡಿಲಿಗೆ ಎಳೆದುಕೊಂಡರು. ಒಬ್ಬ ನರ್ಸ್ ಗಾಡಿ ತಳ್ಳಿಕೊಂಡು ಹೋದಳು.

“ಇವ್ರನ್ನ ಕೇಳಿದ್ರೆ ತಾವೇ ಹೇಳಿದ್ದು ಅಂತಾರೆ,” ಎಂದರು.

“ಅವ್ರು ಆಮ್ಯಾಲ ಅಂದ್ರು. ಮೊದ್ಲ ಅಂದಾಕಿ ನಾನು.”

“ಸುಳ್ಳು ಹೇಳ್ಬೋದಿತ್ತು ನೀವು.”

“ಹೇಳಿದ್ರ ಏನಾಗ್ತಿತ್ರಿ.”

“ನಂಗೆ ಸುಲಭ ಆಗ್ತಿತ್ತು.” ವೇದಾ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿದರು. “ನೀವು ಕೆಟ್ಟವರಲ್ಲ ಅಂತ ಗೊತ್ತು. ಆದ್ರೆ ನಂಗೆ ಸ್ವಲ್ಪ ದಿನ ಬೇಕು.”

ನೀಲಗಂಗಾ ಕಾಫಿ ಕುಡಿದು, ಲೋಟ ತೊಳೆದು ತಂದುಕೊಟ್ಟಳು. ಒಳಗೆ ಬಾಲು ಎಚ್ಚರಗೊಂಡಿದ್ದರು. ಅವರು ಮೊದಲು ಕೇಳಿದ್ದು ಫಿಲ್ಟರ್ ಬದಲಾಯಿಸಿದಿರಾ ಎಂದು. ಬದಲಾಯಿಸಿದೆ ಎಂದಳು. ಎಷ್ಟು ಕಪ್ಪಗಿತ್ತು ಎಂದು ಕೇಳಿದರು. ಹೆಂಚಿನ ಹಾಗಿತ್ತು ಎಂದಾಗ ನಗಲು ಹೋಗಿ ನೋವಿನಿಂದ ಮುಖ ಕಿವುಚಿದರು.

ಸೆಪ್ಟೆಂಬರ್ ಕಳೆಯಿತು. ಬಾಲು ಮನೆಗೆ ಬಂದು ಊರುಗೋಲು ಹಿಡಿದು ಓಡಾಡತೊಡಗಿದರು. ಸುಮ್ಮನೆ ಕೂರಲಾರೆ ಎಂದು ಒಂದು ಕೆಲಸ ಕೇಳಿ ಪಡೆದರು. ಬೆಟ್ಟದಿಂದ ದಿನಾ ಬೆಳಗ್ಗೆ ನೀಲಗಂಗಾ ಸ್ಯಾಟಲೈಟ್ ಫೋನಿನಲ್ಲಿ ಹೇಳುವ ಅಂಕಿಗಳನ್ನು ಅವರು ಊರಲ್ಲಿ ಕೂತು ಕಂಪ್ಯೂಟರಿಗೆ ಸೇರಿಸುತ್ತಿದ್ದರು. ಅಂಕಿಗಳು ಮುಗಿದ ಮೇಲೆ ಮಾತು. ಅವಳು ಈಗ ಆ ಮಾತಿಗೆ ಹೂಂಗುಡುತ್ತಿದ್ದಳು, ಕೆಲವೊಮ್ಮೆ ತಾನೂ ಏನಾದರೂ ಹೇಳುತ್ತಿದ್ದಳು. ವೇದಾ ಮಾತ್ರ ಫೋನಿಗೆ ಬರುತ್ತಿರಲಿಲ್ಲ. ನೀಲಗಂಗಾ ಕೇಳಲೂ ಇಲ್ಲ.

ಅಕ್ಟೋಬರಿನಲ್ಲಿ ಬಿಸಿಲು ಬಲಿತು ಹಿಮ ಇಳಿಯತೊಡಗಿತು. ಚಳಿಗಾಲದ ಕೊನೆಯ ದೊಡ್ಡ ಕೆಲಸವಾಗಿ ಅವಳು ಬಾಲು ಅವರ ಜಾಗಕ್ಕೆ ಬಂದಿದ್ದ ಆದರ್ಶ್ ಜೊತೆ ಸೇರಿ ಬಾವುಟಗಳೊಳಗೆ ಆಳವಾದ ಗುಂಡಿ ತೋಡಿದಳು. ಒಂದು ಗೋಡೆಯನ್ನು ಸಲಿಕೆಯಿಂದ ನುಣ್ಣಗೆ ಕೆರೆದಾಗ ಇಡೀ ಚಳಿಗಾಲ ಪದರ ಪದರವಾಗಿ ಕಾಣಿಸಿತು. ನಡುವೆ ಪೆನ್ಸಿಲಿನಿಂದ ಎಳೆದಂಥ ಬೂದು ಗೆರೆ. ಅದರ ಸುತ್ತಲಿನ ಹಿಮ ಬೇರೆಯವುಗಳಂತೆ ಬಿಗಿಯಾಗಿರದೆ, ಕರಗಿ ಕರಗಿ ಸಾಬೂದಾಣಿಯಂತೆ ಕಾಳುಕಾಳಾಗಿತ್ತು. ಅವಳು ಫೋನ್ ಹಚ್ಚಿದಳು.

“ಗೆರೆ ಕಾಣ್ತಿದ್ಯಾ?” ಎಂದರು ಬಾಲು ತಕ್ಷಣ.

“ಕಾಣ್ತೈತ್ರಿ. ಹಿಮ ತಿಂದೈತಿ.”

“ನೋಡಿದ್ರಾ. ಯಾವ ದಿನ ಬಿದ್ದಿದ್ದು, ಯಾವ ಹೊಗೆ, ಎಲ್ಲಾ ಗೊತ್ತಿರೋ ಮಸಿ ಅದು. ಇಷ್ಟು ದಿನಕ್ಕೆ ಇಷ್ಟು ಕರಗಿಸ್ತು ಅಂತ ಹೇಳ್ಬೋದು. ಬೇಕೂ ಅಂದ್ರೆ ಯಾರು ಕೊಡ್ತಾರೆ ಇಂಥಾದ್ದು?”

“ನಾ ಕೇಳಿದ ಪ್ರಶ್ನೆ ಇದಲ್ರಿ ಬಾಲಣ್ಣ.”

“ಅಲ್ಲ. ಆದ್ರೂ ಒಂದು ಸೀಸೆ ತಗೊಳ್ಳಿ.”

ಅವಳು ಗೆರೆಯ ಮುಂದೆ ಕೂತಳು. ಆ ದಿನ ಒಳ್ಳೆಯದಾಯಿತು ಎಂದು ಹೇಳಿಕೊಳ್ಳಲು ಇದೊಂದು ದಾರಿ ಎಂದು ಅವಳಿಗೆ ಅನ್ನಿಸಿತು, ಆ ದಾರಿ ಹಿಡಿಯಲು ಅವಳಿಗೆ ಮನಸ್ಸಿರಲಿಲ್ಲ. ಹಾಗೆಂದು ಕಣ್ಣೆದುರಿನ ಹಿಮವನ್ನು ಇಲ್ಲವೆನ್ನಲೂ ಆಗದು. ಚಮಚದಿಂದ ಬೂದು ಕಾಳುಗಳನ್ನು ಕೆರೆದು ಸೀಸೆಗೆ ತುಂಬಿದಳು.

“ಏನಂತ ಹಾಕ್ಲಿ ಇದಕ್ಕೆ?” ಎಂದು ಬಾಲು ಕೇಳಿದರು.

“ಹೆಲಿಕಾಪ್ಟರ್ ಇಳಿದ ದಿನದ ಪದರ. ಅಷ್ಟ ಬರೀರಿ. ನಾ ಇಳಸಿದ್ದು ಅಂತ ಬರೀರಿ.”

ಅತ್ತ ಕೀಲಿಗಳ ಸದ್ದು ಕೇಳಿಸಿತು. ಆಮೇಲೆ ಯಾರೋ ಏನೋ ಅಂದ ಹಾಗೆ, ಫೋನ್ ಕೈ ಬದಲಾದ ಹಾಗೆ ಗರಗರ ಸದ್ದಾಯಿತು.

“ನೀಲಾ, ನಾನು ವೇದಾ. ಅಲ್ಲಿ ತುಂಬಾ ಚಳಿನಾ?”

ನೀಲಗಂಗಾ ಚಮಚ ಕೆಳಗಿಟ್ಟಳು. “ಇವತ್ತ ಅಷ್ಟಿಲ್ರಿ. ಬಿಸಲು ಬಿದ್ದೈತಿ.”

“ಇವ್ರು ದಿನಾ ನಿಮ್ಮ ಫೋನಿಗೆ ಕಾಯ್ತಾ ತಿಂಡಿ ತಿನ್ನದೇ ಕೂತಿರ್ತಾರೆ. ಸ್ವಲ್ಪ ಬೇಗ ಮಾಡೋಕಾಗತ್ತಾ?”

“ಆಗ್ತೈತ್ರಿ. ನಾಳಿಂದ ಬೇಗ ಮಾಡ್ತೀನಿ.”

“ಸರಿ. ಹುಷಾರು,” ಎಂದು ವೇದಾ ಫೋನನ್ನು ಗಂಡನಿಗೆ ಕೊಟ್ಟರು.

“ಎಲ್ಲಿದ್ವಿ?” ಎಂದರು ಬಾಲು. ಅವಳು ಸಲಿಕೆಯ ತುದಿಯಿಂದ ಗೋಡೆಯ ಮುಂದಿನ ಪದರವನ್ನು ಮುಟ್ಟಿ, ಹೊಸ ಸೀಸೆಯ ಮುಚ್ಚಳ ತೆಗೆದಳು.